ಪಿಸ್ತೂಲು, ಪತ್ರಿಕೆ, ಕಾಯ್ದೆ

ಒಂದೇ ಕೈಯಲ್ಲಿ ಹಿಡಿದು ಹಾರಿಸಬಹುದಾದ ಗಿಡ್ಡ ಬಂದೂಕುಗಳನ್ನು ಅಮೆರಿಕದಲ್ಲಿ ಒಟ್ಟಾಗಿ ಹ್ಯಾಂಡ್‌ಗನ್ ಎನ್ನುತ್ತಾರೆ. ತಿರುಗುವ ಉರುಳೆಯಲ್ಲಿ ಐದೋ ಆರೋ ತೋಟಾ ತುಂಬುವ ರಿವಾಲ್ವರ್, ಹಿಡಿಕೆಯೊಳಗಿನ ಮ್ಯಾಗಜಿನ್‌ನಿಂದ ತೋಟಾಗಳು ಒಂದೊಂದಾಗಿ ಮೇಲೇರುವ ಪಿಸ್ತೂಲು, ಎರಡೂ ಈ ಗುಂಪಿನವೇ. ಆ ದೇಶದಲ್ಲಿ ಗುಂಡಿಕ್ಕಿ ಮಾಡುವ ಕೊಲೆಗಳಲ್ಲಿ ಇವುಗಳದ್ದೇ ದೊಡ್ಡ ಪಾಲು. 2020ರಲ್ಲಿ ಎಫ್‌ಬಿಐಗೆ ವಿವರ ದೊರೆತ 13,620 ಬಂದೂಕು ಕೊಲೆಗಳಲ್ಲಿ ಶೇ 59ರಷ್ಟು ಹ್ಯಾಂಡ್‌ಗನ್‌ನಿಂದ ಆದವು. ರೈಫಲ್‌ಗಳ ಪಾಲು ಶೇ 3. ಉಳಿದವುಗಳಲ್ಲಿ ಬಹುಪಾಲು ಪ್ರಕರಣಗಳಲ್ಲಿ ಬಂದೂಕು ಯಾವ ಬಗೆಯದೆಂಬುದೇ ದಾಖಲಾಗಿರಲಿಲ್ಲ. ಆದರೂ ದೊಡ್ಡ ಗುಂಡಿನ ದಾಳಿಯೊಂದು ನಡೆದ ಮರುದಿನ ಪತ್ರಿಕೆಯ ಮುಖಪುಟದಲ್ಲಿ, ಟಿ.ವಿ. ಪರದೆಯಲ್ಲಿ ಕಾಣುವುದು ಸಾಮಾನ್ಯವಾಗಿ ಕಪ್ಪು ಬಣ್ಣದ ಉದ್ದನೆಯ ರೈಫಲ್. ಈ ಅಂತರಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಕಾನೂನು ಯಾವ ಕಾಲದಲ್ಲಿ ಯಾವ ಬಂದೂಕಿನ ಬೆನ್ನು ಹತ್ತಿತು ಎಂಬುದನ್ನು ಸತ್ತವರ ಲೆಕ್ಕಕ್ಕಿಂತ ಆ ವಾರದ ಸುದ್ದಿಯೇ ಹೆಚ್ಚಾಗಿ ನಿರ್ಧರಿಸಿದೆ.

ಸ್ಯಾಮ್ಯುಯಲ್ ಕೋಲ್ಟ್ ತನ್ನ ರಿವಾಲ್ವರ್‌ಗೆ ಅಮೆರಿಕದ ಪೇಟೆಂಟ್ ಪಡೆದದ್ದು 1836ರಲ್ಲಿ. ಮುಂದಿನ ಅರ್ಧ ಶತಮಾನದಲ್ಲಿ ಅದು ಪಶ್ಚಿಮದ ದನಗಾಹಿ ಪಟ್ಟಣಗಳನ್ನು ತಲುಪಿತು. ಆ ಪಟ್ಟಣಗಳಲ್ಲಿ ಪ್ರತಿಯೊಬ್ಬನ ಸೊಂಟದಲ್ಲೂ ರಿವಾಲ್ವರ್ ನೇತಾಡುತ್ತಿತ್ತು ಎಂಬ ಚಿತ್ರವನ್ನು ಮೊದಲು ಅಗ್ಗದ ಕಾದಂಬರಿಗಳೂ ಆಮೇಲೆ ಹಾಲಿವುಡ್ಡೂ ಕಟ್ಟಿದವು. ವಾಸ್ತವ ಹೆಚ್ಚುಕಡಿಮೆ ತಿರುವುಮುರುವು. ಕ್ಯಾನ್ಸಸ್‌ನ ಡಾಜ್ ಸಿಟಿಯ 1870ರ ದಶಕದ ಒಂದು ಛಾಯಾಚಿತ್ರದಲ್ಲಿ ಮುಖ್ಯ ಬೀದಿಯ ನಡುವೆ ಮರದ ಹಲಗೆಯೊಂದು ನಿಂತಿದೆ. ಬಂದೂಕು ಹೊತ್ತು ಓಡಾಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ ಎಂದು ಅದರ ಮೇಲೆ ಬರೆದಿದೆ. ಜೊತೆಗೆ ಹೊಟ್ಟೆಯ ಕಹಿಮದ್ದೊಂದರ ಜಾಹೀರಾತೂ ಇದೆ. ಊರಿಗೆ ಬಂದವರು ಆಯುಧವನ್ನು ಒಪ್ಪಿಸಿ, ಹೊರಡುವಾಗ ಮರಳಿ ಪಡೆಯಬೇಕಿತ್ತು. ಅರಿಝೋನಾದ ಟೂಂಬ್‌ಸ್ಟೋನ್‌ನಲ್ಲೂ ಇಂಥದೇ ನಿಯಮ. 1881ರ ಅಕ್ಟೋಬರ್ 26ರಂದು ಅಲ್ಲಿ ನಡೆದ, ಮೂವರು ಸತ್ತ, ಸಿನಿಮಾಗಳಿಂದ ಜಗತ್ಪ್ರಸಿದ್ಧವಾದ ಓ.ಕೆ. ಕರಾಲ್ ಕಾಳಗ ಶುರುವಾದದ್ದು ಪಟ್ಟಣದ ಮಾರ್ಷಲ್ ಈ ನಿಯಮದಂತೆ ಕೆಲವರ ಪಿಸ್ತೂಲು ಕಸಿದುಕೊಳ್ಳಲು ಹೋದಾಗ. ಬಂದೂಕು ನಿಯಂತ್ರಣ ಜಾರಿಯ ಒಂದು ಪ್ರಕರಣವನ್ನೇ ಸಿನಿಮಾ ನಿಯಂತ್ರಣವಿಲ್ಲದ ಕಾಲದ ಗುರುತಾಗಿ ನೆನಪಿನಲ್ಲಿ ಉಳಿಸಿಬಿಟ್ಟಿತು.

ದಕ್ಷಿಣದ ರಾಜ್ಯಗಳ ಕಥೆ ಬೇರೆ. ಟೆನೆಸಿ 1879ರಲ್ಲಿ ಸೇನೆ ಮತ್ತು ನೌಕಾಪಡೆ ಬಳಸುವಂಥ ದೊಡ್ಡ, ದುಬಾರಿ ರಿವಾಲ್ವರ್‌ಗಳನ್ನು ಬಿಟ್ಟು ಉಳಿದ ಹ್ಯಾಂಡ್‌ಗನ್‌ಗಳ ಮಾರಾಟವನ್ನೇ ತಡೆಯಿತು. ಅಂತರ್ಯುದ್ಧದಲ್ಲಿ ಹೋರಾಡಿ ಬಂದ ಬಿಳಿಯರ ಮನೆಗಳಲ್ಲಿ ಸೇನಾ ಮಾದರಿಯವು ಮೊದಲೇ ಇದ್ದವು. ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಕೈಗೆಟುಕುತ್ತಿದ್ದದ್ದು ಅಗ್ಗದ ಪಿಸ್ತೂಲು ಮಾತ್ರ. ಅಗ್ಗದ ಪಿಸ್ತೂಲಿನ ಮೇಲಿನ ಈ ಕಣ್ಣು ಮುಂದೆ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಲಿತ್ತು.

ಆಧುನಿಕ ನಿಯಂತ್ರಣದ ಮೊದಲ ಹೆಜ್ಜೆ ನ್ಯೂಯಾರ್ಕ್‌ನದು. 1910ರ ಆಗಸ್ಟ್‌ನಲ್ಲಿ ಮೇಯರ್ ವಿಲಿಯಂ ಗೇನರ್ ಗುಂಡೇಟು ತಿಂದು ಬದುಕುಳಿದ. 1911ರ ಜನವರಿಯಲ್ಲಿ ಕಾದಂಬರಿಕಾರ ಡೇವಿಡ್ ಗ್ರಹಾಂ ಫಿಲಿಪ್ಸ್‌ನನ್ನು ಗ್ರಾಮರ್ಸಿ ಪಾರ್ಕ್ ಬಳಿ ಹಾಡಹಗಲೇ ಗುಂಡಿಕ್ಕಿ ಕೊಲ್ಲಲಾಯಿತು. ಪತ್ರಿಕೆಗಳು ಎಬ್ಬಿಸಿದ ಗದ್ದಲದ ನಡುವೆ ಸೆನೆಟರ್ ಟಿಮೊಥಿ ಸಲಿವನ್ ಮಂಡಿಸಿದ ಮಸೂದೆ ಅದೇ ವರ್ಷ ಕಾಯ್ದೆಯಾಯಿತು. ಬಚ್ಚಿಡಬಹುದಾದ ಬಂದೂಕಿಗೆ ಪರವಾನಗಿ ಕಡ್ಡಾಯವಾಯಿತು, ಹೊತ್ತು ತಿರುಗುವ ಪರವಾನಗಿ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಸೇರಿತು. ಆ ಕಾಲದಲ್ಲಿ ಬಂದೂಕಿನ ಸಮಸ್ಯೆ ಎಂದರೆ ಹ್ಯಾಂಡ್‌ಗನ್ನಿನ ಸಮಸ್ಯೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. 1927ರಲ್ಲಿ ಸಂಸತ್ತು ಅಂಚೆಯ ಮೂಲಕ ಹ್ಯಾಂಡ್‌ಗನ್ ಕಳಿಸುವುದನ್ನು ನಿಷೇಧಿಸಿದಾಗಲೂ ಗುರಿ ಇದೇ ಆಗಿತ್ತು. ಆದರೆ ಆ ಕಾಯ್ದೆ ಸರ್ಕಾರಿ ಅಂಚೆಯನ್ನು ಮಾತ್ರ ಕಟ್ಟಿಹಾಕಿತು, ಖಾಸಗಿ ಪಾರ್ಸೆಲ್ ಕಂಪನಿಗಳನ್ನು ಮುಟ್ಟಲಿಲ್ಲ.

ದಾರಿ ಕವಲೊಡೆದದ್ದು 1934ರಲ್ಲಿ. ಮದ್ಯನಿಷೇಧದ ಕಾಲದ ಪತ್ರಿಕೆಗಳಿಗೆ ಟಾಮ್ಸನ್ ಸಬ್‌ಮಷೀನ್ ಗನ್ ಅಚ್ಚುಮೆಚ್ಚು. 1929ರ ವ್ಯಾಲೆಂಟೈನ್ ದಿನದಂದು ಶಿಕಾಗೊದ ಗ್ಯಾರೇಜೊಂದರಲ್ಲಿ ಏಳು ಜನರನ್ನು ಅದರಿಂದ ಕೊಂದ ಮೇಲೆ ಆ ಬಂದೂಕು ಗ್ಯಾಂಗ್‌ಸ್ಟರ್ ಯುಗದ ಮುಖವೇ ಆಯಿತು. ಇತ್ತ 1933ರ ಫೆಬ್ರವರಿ 15ರಂದು ಮಯಾಮಿಯಲ್ಲಿ ಅಧ್ಯಕ್ಷನಾಗಿ ಆಯ್ಕೆಯಾಗಿದ್ದ ರೂಸ್‌ವೆಲ್ಟ್ ಮೇಲೆ ಗುಂಡು ಹಾರಿದ್ದು, ಶಿಕಾಗೊ ಮೇಯರ್ ಆಂಟನ್ ಸರ್ಮಾಕ್ ಸತ್ತದ್ದು ಸಾಧಾರಣ ರಿವಾಲ್ವರ್‌ನಿಂದ. ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್ ಮುಂದಿಟ್ಟ ಮೂಲ ಮಸೂದೆಯಲ್ಲಿ ಮಷೀನ್ ಗನ್ನಿನ ಜೊತೆಗೆ ಪಿಸ್ತೂಲು, ರಿವಾಲ್ವರ್‌ಗಳೂ ಇದ್ದವು. ರೈಫಲ್ ಮತ್ತು ಶಾಟ್‌ಗನ್‌ಗಳ ನಳಿಗೆ ಕತ್ತರಿಸಿ ಬಚ್ಚಿಡುವಷ್ಟು ಗಿಡ್ಡ ಮಾಡುವುದನ್ನು ಸೇರಿಸಿದ್ದೂ ಹ್ಯಾಂಡ್‌ಗನ್ ನಿಯಮ ತಪ್ಪಿಸಿಕೊಳ್ಳಲು ಅದು ಅಡ್ಡದಾರಿಯಾಗದಿರಲಿ ಎಂದೇ. ಬಂದೂಕುದಾರರ ಸಂಘಗಳ ವಿರೋಧ ಬಂದಾಗ ಹ್ಯಾಂಡ್‌ಗನ್‌ಗಳನ್ನು ಮಸೂದೆಯಿಂದ ಕಿತ್ತುಹಾಕಿದರು, ಅಡ್ಡದಾರಿ ಮುಚ್ಚುವ ನಿಯಮವನ್ನು ಹಾಗೆಯೇ ಬಿಟ್ಟರು. ಮಷೀನ್ ಗನ್ ಮೇಲೆ 200 ಡಾಲರ್ ತೆರಿಗೆ ಬಿತ್ತು. ಆಗ ಟಾಮ್ಸನ್ ಬಂದೂಕಿನ ಬೆಲೆಯೇ ಸುಮಾರು ಅಷ್ಟಿತ್ತು.

1963ರಲ್ಲಿ ಇದೇ ಆಟ ಇನ್ನೊಂದು ರೂಪದಲ್ಲಿ ನಡೆಯಿತು. ಕನೆಕ್ಟಿಕಟ್‌ನ ಸೆನೆಟರ್ ಥಾಮಸ್ ಡಾಡ್ ಅಂಚೆ ಮಾರಾಟದ ಹ್ಯಾಂಡ್‌ಗನ್‌ಗಳ ಬಗ್ಗೆ ವಿಚಾರಣೆ ನಡೆಸಿ ಆ ಆಗಸ್ಟ್‌ನಲ್ಲಿ ಮಸೂದೆ ಮಂಡಿಸಿದ್ದ. ನವೆಂಬರ್ 22ರಂದು ಅಧ್ಯಕ್ಷ ಕೆನಡಿಯ ಹತ್ಯೆಯಾಯಿತು. ಹಂತಕ ಲೀ ಹಾರ್ವಿ ಆಸ್ವಾಲ್ಡ್ ಶಿಕಾಗೊದ ಅಂಗಡಿಯಿಂದ ಅಂಚೆಯಲ್ಲಿ ತರಿಸಿದ್ದ ಇಟಲಿಯ ಹಳೆಯ ರೈಫಲ್‌ನ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಡಾಡ್ ತನ್ನ ಮಸೂದೆಗೆ ಉದ್ದ ಬಂದೂಕುಗಳನ್ನೂ ಸೇರಿಸಿದ. ಅದೇ ದಿನ ಆಸ್ವಾಲ್ಡ್ ಪೊಲೀಸ್ ಅಧಿಕಾರಿ ಜೆ.ಡಿ. ಟಿಪಿಟ್‌ನನ್ನು ಕೊಂದ ರಿವಾಲ್ವರ್ ಲಾಸ್ ಏಂಜಲಿಸ್‌ನಿಂದ ಖಾಸಗಿ ಪಾರ್ಸೆಲ್‌ನಲ್ಲಿ ಬಂದಿತ್ತು. 1927ರ ಕಾಯ್ದೆ ತೆರೆದಿಟ್ಟ ಕಿಂಡಿ ಅದೇ. ಅದರ ಕಡೆ ಹರಿದ ಗಮನ ಕಡಿಮೆ.

ಮಸೂದೆ ಐದು ವರ್ಷ ಎಳೆದಾಡಿತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ರೈಫಲ್‌ಗೂ ಜೂನ್‌ನಲ್ಲಿ ರಾಬರ್ಟ್ ಕೆನಡಿ .22 ರಿವಾಲ್ವರ್‌ಗೂ ಬಲಿಯಾದ ಮೇಲೆ ಅಕ್ಟೋಬರ್ 22ರಂದು ಬಂದೂಕು ನಿಯಂತ್ರಣ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಬಿತ್ತು. ರಾಜ್ಯದಿಂದ ರಾಜ್ಯಕ್ಕೆ ನೇರ ಮಾರಾಟ ನಿಂತಿತು. ಕ್ರೀಡೆಗೆ ಒದಗದ ವಿದೇಶಿ ಬಂದೂಕುಗಳ ಆಮದೂ ನಿಂತಿತು. ಈ ಎರಡನೆಯದರ ಗುರಿ ಪತ್ರಿಕೆಗಳು ‘ಸ್ಯಾಟರ್‌ಡೇ ನೈಟ್ ಸ್ಪೆಷಲ್’ ಎಂದು ಕರೆಯುತ್ತಿದ್ದ ಅಗ್ಗದ ಪುಟ್ಟ ರಿವಾಲ್ವರ್. ಆದರೆ ಬಿಡಿಭಾಗಗಳ ಆಮದಿಗೆ ತಡೆಯಿರಲಿಲ್ಲ. ಜರ್ಮನಿಯ ರೋಮ್ ಕಂಪನಿಯ ಭಾಗಗಳನ್ನು ಮಯಾಮಿಯಲ್ಲೇ ಜೋಡಿಸಿ ಮಾರುವ ಕಾರ್ಖಾನೆ ಎದ್ದಿತು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿಸಿದ್ದು, ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯ ತಲೆಗೆ ತಗುಲಿದ್ದು ಅಂಥ ಆರ್‌ಜಿ-14 ರಿವಾಲ್ವರ್‌ನಿಂದ.

ಹ್ಯಾಂಡ್‌ಗನ್ನನ್ನೇ ತೊಡೆದುಹಾಕಬೇಕೆಂಬ ಚಳವಳಿ ಬಲವಾಗಿದ್ದದ್ದು ಈ ಅವಧಿಯಲ್ಲೇ. 1959ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 60ರಷ್ಟು ಜನ ಪೊಲೀಸರನ್ನು ಬಿಟ್ಟು ಉಳಿದವರ ಹ್ಯಾಂಡ್‌ಗನ್ ನಿಷೇಧಕ್ಕೆ ಒಪ್ಪಿದ್ದರು. 1974ರಲ್ಲಿ ಹುಟ್ಟಿದ ಎರಡು ರಾಷ್ಟ್ರೀಯ ಸಂಘಟನೆಗಳ ಹೆಸರಿನಲ್ಲೇ ಹ್ಯಾಂಡ್‌ಗನ್ ಎಂಬ ಪದವಿತ್ತು. ರಾಜಧಾನಿ ವಾಷಿಂಗ್ಟನ್ 1976ರಲ್ಲಿ ಹೊಸ ಹ್ಯಾಂಡ್‌ಗನ್‌ಗಳ ನೋಂದಣಿ ನಿಲ್ಲಿಸಿತು. ಇಲಿನಾಯ್‌ನ ಮಾರ್ಟನ್ ಗ್ರೋವ್ ಎಂಬ ಸಣ್ಣ ಊರು 1981ರಲ್ಲಿ ಪೂರ್ತಿ ನಿಷೇಧಿಸಿ ಸುದ್ದಿಯಾಯಿತು. ಅದಕ್ಕೆ ಸೆಡ್ಡು ಹೊಡೆದು ಜಾರ್ಜಿಯಾದ ಕೆನೆಸಾ ಪಟ್ಟಣ ಮರುವರ್ಷ ಪ್ರತಿ ಮನೆಯ ಯಜಮಾನನೂ ಬಂದೂಕು ಇಟ್ಟುಕೊಳ್ಳಲೇಬೇಕೆಂದು ನಿಯಮ ಮಾಡಿ ಇನ್ನೂ ದೊಡ್ಡ ಸುದ್ದಿಯಾಯಿತು. 1982ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಹ್ಯಾಂಡ್‌ಗನ್‌ಗಳ ಸಂಖ್ಯೆಯನ್ನು ಇದ್ದಷ್ಟಕ್ಕೇ ನಿಲ್ಲಿಸುವ ಪ್ರಸ್ತಾಪವನ್ನು ದೊಡ್ಡ ಅಂತರದಿಂದ ತಳ್ಳಿಹಾಕಿದರು. ಚಳವಳಿಯ ಇಳಿಜಾರು ಅಲ್ಲಿಂದ.

ಅದೇ ವರ್ಷದ ಆರಂಭದಲ್ಲಿ ಎನ್‌ಬಿಸಿ ವಾಹಿನಿ ‘ಪೊಲೀಸರನ್ನು ಕೊಲ್ಲುವ ಗುಂಡು’ ಎಂಬ ವರದಿ ಪ್ರಸಾರ ಮಾಡಿತು. ಕೆಟಿಡಬ್ಲ್ಯೂ ಎಂಬ ಗುಂಡಿಗೆ ಟೆಫ್ಲಾನ್ ಲೇಪನವಿದೆ, ಆದ್ದರಿಂದ ಅದು ಪೊಲೀಸರ ರಕ್ಷಾಕವಚವನ್ನು ತೂರಿಕೊಂಡು ಹೋಗುತ್ತದೆ ಎಂಬ ತಿಳಿವಳಿಕೆ ಹಬ್ಬಿತು. ಅಂಟದ ಬಾಣಲೆಯ ಲೇಪನ ಎಲ್ಲರಿಗೂ ಗೊತ್ತಿದ್ದರಿಂದ ಆ ವಿವರಣೆ ಸಲೀಸಾಗಿ ತಲೆಗೆ ಹೋಯಿತು. ಅಸಲಿಗೆ ಗುಂಡು ತೂರುತ್ತಿದ್ದದ್ದು ಸೀಸದ ಬದಲು ಗಟ್ಟಿ ಲೋಹದಿಂದ ಮಾಡಿದ್ದಕ್ಕೆ. ಆ ಗಟ್ಟಿ ಲೋಹ ಉಜ್ಜಿ ಪಿಸ್ತೂಲಿನ ನಳಿಗೆ ಸವೆಯದಿರಲೆಂದು ಟೆಫ್ಲಾನ್ ಬಳಿದಿದ್ದರು. ಅದನ್ನು ರೂಪಿಸಿದವರ ಉದ್ದೇಶವೂ ಕಾರಿನ ಬಾಗಿಲ ಮರೆಯಲ್ಲಿ ಅವಿತ ಅಪರಾಧಿಗಳನ್ನು ಎದುರಿಸಲು ಪೊಲೀಸರಿಗೇ ಒದಗಿಸುವುದಾಗಿತ್ತು. ಪೊಲೀಸರು ತೊಟ್ಟ ಕವಚದ ಗುಟ್ಟು ಅಪರಾಧಿಗಳಿಗೆ ತಿಳಿದೀತೆಂದು ಪೊಲೀಸ್ ಸಂಘಟನೆಗಳು ಪ್ರಸಾರವನ್ನೇ ವಿರೋಧಿಸಿದ್ದವು. ಒಳ್ಳೆಯ ವಿಷಯವೆಂದರೆ, ಇಂಥ ಗುಂಡುಗಳನ್ನು ತಡೆಯಲು ಬಂದ 1986ರ ಕಾಯ್ದೆ ಬರೆದವರು ಟೆಫ್ಲಾನ್ ಹಿಂದೆ ಓಡಲಿಲ್ಲ, ಗುಂಡಿನ ತಿರುಳಿನ ಲೋಹ ಯಾವುದೆಂದು ನೋಡಿ ವ್ಯಾಖ್ಯೆ ಮಾಡಿದರು.

ಮಾಧ್ಯಮದ ತಪ್ಪು ಕಲ್ಪನೆಗಳಲ್ಲಿ ಅತಿ ಹೆಚ್ಚು ಬಾಳಿದ್ದು ಗ್ಲಾಕ್ ಪಿಸ್ತೂಲಿನದು. ವಿಯೆನ್ನಾ ಬಳಿಯ ಡಾಯ್ಚ್-ವಾಗ್ರಾಮ್‌ನಲ್ಲಿ ಪರದೆ ಸರಳು, ಚಾಕುಗಳಂಥ ವಸ್ತುಗಳನ್ನು ತಯಾರಿಸುತ್ತಿದ್ದ ಗ್ಯಾಸ್ಟನ್ ಗ್ಲಾಕ್‌ಗೆ ಬಂದೂಕು ತಯಾರಿಯ ಹಿನ್ನೆಲೆ ಇರಲಿಲ್ಲ. ಆಸ್ಟ್ರಿಯಾದ ಸೇನೆ ಹೊಸ ಪಿಸ್ತೂಲು ಹುಡುಕುತ್ತಿದೆಯೆಂದು ತಿಳಿದು ಅವನು ರೂಪಿಸಿದ ಗ್ಲಾಕ್ 17 ಅನ್ನು ಸೇನೆ 1982ರಲ್ಲಿ ಒಪ್ಪಿಕೊಂಡಿತು. ಅದರ ಕೆಳಚೌಕಟ್ಟು ಮತ್ತು ಹಿಡಿಕೆ ಗಟ್ಟಿ ಪ್ಲಾಸ್ಟಿಕ್. ನಳಿಗೆ, ಅದರ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡ್, ಒಳಗಿನ ಸ್ಪ್ರಿಂಗುಗಳು ಉಕ್ಕಿನವು. ಖಾಲಿ ಪಿಸ್ತೂಲಿನ ತೂಕ ಸುಮಾರು 625 ಗ್ರಾಂ, ಅದರಲ್ಲಿ ಅರ್ಧ ಕಿಲೊಗೂ ಹೆಚ್ಚು ಉಕ್ಕು.

1986ರ ಜನವರಿಯಲ್ಲಿ ಅಂಕಣಕಾರ ಜ್ಯಾಕ್ ಆಂಡರ್ಸನ್ ಲಿಬಿಯಾದ ಗಡಾಫಿ ಆಸ್ಟ್ರಿಯಾದ ಪ್ಲಾಸ್ಟಿಕ್ ಪಿಸ್ತೂಲು ಕೊಳ್ಳಲು ಹೊರಟಿದ್ದಾನೆಂದು ಬರೆದ. ರಕ್ಷಣಾ ಇಲಾಖೆಯ ಅಧಿಕಾರಿಯೊಬ್ಬ ಗ್ಲಾಕನ್ನು ಬಿಡಿಬಿಡಿಯಾಗಿ ಕಳಚಿ ಚೀಲದಲ್ಲಿಟ್ಟುಕೊಂಡು ವಾಷಿಂಗ್ಟನ್ ವಿಮಾನ ನಿಲ್ದಾಣದ ತಪಾಸಣೆ ದಾಟಿದ್ದೂ ಸುದ್ದಿಯಾಯಿತು. ಆ ಪ್ರಯೋಗ ಎಕ್ಸ್‌ರೇ ಪರದೆಯ ಮುಂದೆ ಕೂತವರ ಕಣ್ಣಿನ ದೌರ್ಬಲ್ಯವನ್ನು ತೋರಿಸಿತ್ತು, ಪಿಸ್ತೂಲು ಅದೃಶ್ಯವೆಂದಲ್ಲ. ಈ ವ್ಯತ್ಯಾಸ ಶೀರ್ಷಿಕೆಗಳಲ್ಲಿ ಉಳಿಯಲಿಲ್ಲ. ಅದೇ ವರ್ಷ ಸಂಸತ್ತಿನ ವಿಚಾರಣೆಗಳು ನಡೆದವು. ಪೂರ್ತಿ ಪ್ಲಾಸ್ಟಿಕ್ಕಿನ ಪಿಸ್ತೂಲು ಆಗ ಲೋಕದಲ್ಲೇ ಇರಲಿಲ್ಲವೆಂಬುದು ಅಲ್ಲಿ ಸ್ಪಷ್ಟವಾಯಿತು. ಆದರೂ 1988ರ ನವೆಂಬರ್‌ನಲ್ಲಿ ಪತ್ತೆಹಚ್ಚಲಾಗದ ಬಂದೂಕುಗಳ ಕಾಯ್ದೆ ಬಂತು. ಕನಿಷ್ಠ 3.7 ಔನ್ಸ್, ಅಂದರೆ ಸುಮಾರು 105 ಗ್ರಾಂ ಉಕ್ಕಿಗೆ ಸಮನಾದ ಲೋಹ ಇರಲೇಬೇಕು ಎಂಬುದು ಅದರ ಸಾರ. ಗದ್ದಲಕ್ಕೆ ಕಾರಣವಾದ ಗ್ಲಾಕ್‌ನಲ್ಲಿ ಅದರ ಐದು ಪಟ್ಟು ಲೋಹವಿತ್ತು. ಕಾಯ್ದೆ ಅನ್ವಯಿಸುವ ಒಂದೇ ಒಂದು ಬಂದೂಕೂ ಮಾರುಕಟ್ಟೆಯಲ್ಲಿರಲಿಲ್ಲ.

ನ್ಯೂಯಾರ್ಕ್ ಪೊಲೀಸ್ ಇಲಾಖೆ ನಗರದಲ್ಲಿ ಗ್ಲಾಕನ್ನು ನಿಷೇಧಿಸಿತ್ತು. 1988ರಲ್ಲಿ ಸ್ವತಃ ಆಯುಕ್ತ ಬೆಂಜಮಿನ್ ವಾರ್ಡ್‌ನ ಬಳಿಯೇ ಒಂದು ಗ್ಲಾಕ್ ಇದೆಯೆಂಬ ಸುದ್ದಿ ಬಂದಾಗ ನಿಷೇಧ ಸದ್ದಿಲ್ಲದೆ ಹೋಯಿತು. ಎರಡು ವರ್ಷ ಕಳೆದು ತೆರೆಕಂಡ ‘ಡೈ ಹಾರ್ಡ್ 2’ ಚಿತ್ರದ ನಾಯಕ, ಎಕ್ಸ್‌ರೇಗೆ ಕಾಣದ, ಜರ್ಮನಿಯಲ್ಲಿ ತಯಾರಾದ ‘ಗ್ಲಾಕ್ 7’ ಎಂಬ ಪಿಂಗಾಣಿ ಪಿಸ್ತೂಲಿನ ಬಗ್ಗೆ ಮಾತಾಡುತ್ತಾನೆ. ಆ ಮಾದರಿಯಿರಲಿಲ್ಲ, ದೇಶ ಅದಲ್ಲ, ವಸ್ತು ಅದಲ್ಲ, ಎಕ್ಸ್‌ರೇಗೆ ಅದು ಕಾಣುತ್ತಿತ್ತು. ಒಂದೇ ಸಂಭಾಷಣೆಯಲ್ಲಿ ಇಷ್ಟು ತಪ್ಪು ಜೋಡಿಸುವುದೂ ಸುಲಭವಲ್ಲ. ಕಂಪನಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಇಬ್ಬರು ಎಫ್‌ಬಿಐ ಏಜೆಂಟರು ದರೋಡೆಕೋರರ ಗುಂಡಿಗೆ ಸತ್ತ ಮೇಲೆ ಪೊಲೀಸ್ ಇಲಾಖೆಗಳು ಆರು ಗುಂಡಿನ ರಿವಾಲ್ವರ್ ಬಿಟ್ಟು ಹೆಚ್ಚು ಗುಂಡು ಹಿಡಿಯುವ ಪಿಸ್ತೂಲು ಹುಡುಕುತ್ತಿದ್ದವು. ಬಿಟ್ಟಿ ಪ್ರಚಾರ ಪಡೆದ ಗ್ಲಾಕ್ ಮುಂದಿನ ದಶಕದಲ್ಲಿ ಅಮೆರಿಕದ ಪೊಲೀಸರ ಮುಖ್ಯ ಆಯುಧವಾಯಿತು.

ಎರಡನೆಯ ದೊಡ್ಡ ಗೊಂದಲ ಸ್ವಯಂಚಾಲಿತ ಮತ್ತು ಅರೆ ಸ್ವಯಂಚಾಲಿತ ಬಂದೂಕುಗಳ ನಡುವಿನದು. ಟ್ರಿಗರ್ ಎಳೆದು ಹಿಡಿದಷ್ಟು ಹೊತ್ತೂ ಗುಂಡು ಹಾರಿದರೆ ಅದು ಮಷೀನ್ ಗನ್, 1934ರ ಕಾಯ್ದೆಗೆ ಒಳಪಟ್ಟದ್ದು. ಒಮ್ಮೆ ಎಳೆದರೆ ಒಂದೇ ಗುಂಡು ಹಾರಿ, ಮುಂದಿನ ತೋಟಾ ತಾನಾಗಿ ಸಿದ್ಧವಾಗುವುದು ಅರೆ ಸ್ವಯಂಚಾಲಿತ. ಪೊಲೀಸರ ಪಿಸ್ತೂಲೂ, ಬೇಟೆಯ ಅನೇಕ ರೈಫಲ್‌ಗಳೂ ಎರಡನೆಯ ಬಗೆಯವು. 1988ರಲ್ಲಿ ನಿಯಂತ್ರಣವಾದಿ ಜಾಶ್ ಶುಗರ್‌ಮನ್ ಬರೆದ ವರದಿಯೊಂದು ಈ ಗೊಂದಲವನ್ನು ಮುಚ್ಚುಮರೆಯಿಲ್ಲದೆ ಗುರುತಿಸಿತು: ಹ್ಯಾಂಡ್‌ಗನ್ ಬಗ್ಗೆ ಪತ್ರಿಕೆಗಳಿಗೂ ಜನರಿಗೂ ಆಸಕ್ತಿ ಬತ್ತಿದೆ, ಸೇನಾ ನೋಟದ ರೈಫಲ್‌ಗಳನ್ನು ಕಂಡರೆ ಜನ ಮಷೀನ್ ಗನ್ ಎಂದೇ ಭಾವಿಸುತ್ತಾರೆ, ಆದ್ದರಿಂದ ಅವುಗಳ ನಿಯಂತ್ರಣಕ್ಕೆ ಬೆಂಬಲ ಸಿಗುವ ಸಂಭವ ಹೆಚ್ಚು. ಮರುವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಶಾಲೆಯಂಗಳದಲ್ಲಿ ಎಕೆ ಮಾದರಿಯ ಅರೆ ಸ್ವಯಂಚಾಲಿತ ರೈಫಲ್‌ಗೆ ಐವರು ಮಕ್ಕಳು ಬಲಿಯಾದರು. ಚರ್ಚೆ ಅತ್ತ ಹೊರಳಿತು.

ಫಲವಾಗಿ ಬಂದ 1994ರ ಫೆಡರಲ್ ನಿಷೇಧ ‘ಅಸಾಲ್ಟ್ ವೆಪನ್’ ಎಂಬುದನ್ನು ಬಹುಮಟ್ಟಿಗೆ ಹೊರಲಕ್ಷಣಗಳಿಂದ ಗುರುತಿಸಿತು. ಪಿಸ್ತೂಲುಗಳಿಗೂ ಪಟ್ಟಿಯಿತ್ತು: ಮ್ಯಾಗಜಿನ್ ಹಿಡಿಕೆಯ ಹೊರಗಿದ್ದರೆ, ನಳಿಗೆಯ ತುದಿಗೆ ತಿರುಪು ಇದ್ದರೆ, ನಳಿಗೆಗೆ ಹೊದಿಕೆಯಿದ್ದರೆ, ಖಾಲಿ ತೂಕ 50 ಔನ್ಸ್ ಮುಟ್ಟಿದರೆ, ಇಂಥವುಗಳಲ್ಲಿ ಯಾವುದಾದರೂ ಎರಡು ಇದ್ದರೆ ನಿಷಿದ್ಧ. ಹೆಸರು ಹಿಡಿದೇ ನಿಷೇಧಿಸಿದ್ದ ಟೆಕ್-9 ಪಿಸ್ತೂಲಿನ ತಯಾರಕರು ತಿರುಪು, ಹೊದಿಕೆ ತೆಗೆದು ಅದನ್ನೇ ಎಬಿ-10 ಎಂದು ಮಾರಿದರು. ಹತ್ತು ಗುಂಡಿಗಿಂತ ದೊಡ್ಡ ಮ್ಯಾಗಜಿನ್ ಹೊಸದಾಗಿ ತಯಾರಿಸುವಂತಿಲ್ಲ ಎಂಬ ನಿಯಮ ಇದಕ್ಕಿಂತ ಗಟ್ಟಿಯಾದದ್ದು. ಅದೂ ಎಣಿಸದ ಕಡೆ ತಿರುಗಿತು. ಹೇಗೂ ಹತ್ತೇ ಗುಂಡು ಎಂದಮೇಲೆ ದೊಡ್ಡ ಪಿಸ್ತೂಲು ಏಕೆಂದು ಕಂಪನಿಗಳು ಅಂಗೈಯಗಲದ ಪಿಸ್ತೂಲುಗಳನ್ನು ಮಾರುಕಟ್ಟೆಗಿಳಿಸಿದವು. ಫ್ಲಾರಿಡಾ 1987ರಲ್ಲಿ ಕೇಳಿದ ಅರ್ಹರಿಗೆಲ್ಲ ಬಚ್ಚಿಟ್ಟು ಒಯ್ಯುವ ಪರವಾನಗಿ ಕೊಡತೊಡಗಿದ ಮೇಲೆ ಒಂದೊಂದೇ ರಾಜ್ಯ ಆ ದಾರಿ ಹಿಡಿಯುತ್ತಿತ್ತು. ಪುಟ್ಟ ಪಿಸ್ತೂಲಿಗೆ ಗಿರಾಕಿಗಳ ಕೊರತೆಯಿರಲಿಲ್ಲ. ನಿಷೇಧದ ಅವಧಿ 2004ರಲ್ಲಿ ಮುಗಿಯಿತು, ನವೀಕರಣವಾಗಲಿಲ್ಲ.

ಹ್ಯಾಂಡ್‌ಗನ್ನನ್ನು ನೇರವಾಗಿ ಮುಟ್ಟಿದ ಕೊನೆಯ ದೊಡ್ಡ ಫೆಡರಲ್ ಕಾಯ್ದೆ ಬ್ರೇಡಿಯ ಹೆಸರಿನದು. 1993ರ ನವೆಂಬರ್ 30ರಂದು ಸಹಿಯಾದ ಅದು ಹ್ಯಾಂಡ್‌ಗನ್ ಕೊಳ್ಳುವವರಿಗೆ ಐದು ದಿನ ಕಾಯುವ ನಿಯಮ ತಂದಿತು. 1998ರಿಂದ ಅದರ ಜಾಗಕ್ಕೆ ಕಂಪ್ಯೂಟರ್ ಮೂಲಕ ತಕ್ಷಣ ಪೂರ್ವಾಪರ ನೋಡುವ ವ್ಯವಸ್ಥೆ ಬಂತು. ಬ್ರೇಡಿ ದಂಪತಿ ದುಡಿದ ಸಂಘಟನೆಯ ಹೆಸರು ಹ್ಯಾಂಡ್‌ಗನ್ ಕಂಟ್ರೋಲ್ ಎಂದಿತ್ತು. 2001ರಲ್ಲಿ ಅದನ್ನು ಬ್ರೇಡಿ ಕ್ಯಾಂಪೇನ್ ಎಂದು ಬದಲಿಸಿದರು. 1974ರ ಇನ್ನೊಂದು ಸಂಘಟನೆಯೂ ಅಷ್ಟರಲ್ಲಿ ತನ್ನ ಹೆಸರಿನಿಂದ ಹ್ಯಾಂಡ್‌ಗನ್ ಪದ ಕೈಬಿಟ್ಟಿತ್ತು.

ಬ್ರಿಟನ್‌ನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 1987ರಲ್ಲಿ ಹಂಗರ್‌ಫರ್ಡ್ ದಾಳಿಯಾದಾಗ ಅಲ್ಲಿಯ ಸರ್ಕಾರ ಅರೆ ಸ್ವಯಂಚಾಲಿತ ರೈಫಲ್ ನಿಷೇಧಿಸಿ, ದಾಳಿಕೋರ ಪಿಸ್ತೂಲನ್ನೂ ಬಳಸಿದ್ದರೂ ಹ್ಯಾಂಡ್‌ಗನ್‌ಗಳನ್ನು ಬಿಟ್ಟಿತ್ತು. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಪರವಾನಗಿ ಪಡೆದ ಹ್ಯಾಂಡ್‌ಗನ್‌ಗಳಿಂದ 16 ಮಕ್ಕಳೂ ಒಬ್ಬ ಶಿಕ್ಷಕಿಯೂ ಸತ್ತ ಮೇಲೆ 1997ರ ಎರಡು ಕಾಯ್ದೆಗಳು ಉತ್ತರ ಐರ್ಲೆಂಡ್ ಬಿಟ್ಟು ಉಳಿದೆಡೆ ಖಾಸಗಿ ಹ್ಯಾಂಡ್‌ಗನ್‌ಗಳನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದವು. ಜನ ಒಪ್ಪಿಸಿದ ಹ್ಯಾಂಡ್‌ಗನ್‌ಗಳು ಸುಮಾರು 1,62,000. ಅಮೆರಿಕದ ಚರ್ಚೆಗಳಲ್ಲಿ ಈ ಉದಾಹರಣೆ ಬಂದಾಗಲೆಲ್ಲ ಬ್ರಿಟನ್‌ನಲ್ಲಿ ಹ್ಯಾಂಡ್‌ಗನ್‌ಗಳು ಮೊದಲೇ ವಿರಳವಾಗಿದ್ದವು ಎಂಬುದನ್ನು ಮರೆಯುವವರೇ ಹೆಚ್ಚು.

2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನರನ್ನು ಕೊಲ್ಲಲು ಬಳಕೆಯಾದದ್ದು ಒಂದು ಗ್ಲಾಕ್ 19, ಒಂದು .22 ವಾಲ್ಥರ್. ರೈಫಲ್ ಇರಲೇ ಇಲ್ಲ. ವಾಲ್ಥರನ್ನು ದಾಳಿಕೋರ ಇಂಟರ್‌ನೆಟ್‌ನಲ್ಲಿ ಕೊಂಡಿದ್ದನೆಂಬ ಸುದ್ದಿ, ಪಿಸ್ತೂಲು ನೇರ ಮನೆ ಬಾಗಿಲಿಗೆ ಬಂತೆಂಬ ಭಾವನೆ ಹುಟ್ಟಿಸಿತು. 1968ರ ಕಾಯ್ದೆಯ ಪ್ರಕಾರ ಅದು ಪರವಾನಗಿ ಪಡೆದ ಸ್ಥಳೀಯ ಅಂಗಡಿಗೆ ಬಂದು, ಪೂರ್ವಾಪರ ಪರಿಶೀಲನೆಯಾದ ಮೇಲೆಯೇ ಅವನ ಕೈಸೇರಿತ್ತು. ತಿಂಗಳಿಗೊಂದೇ ಹ್ಯಾಂಡ್‌ಗನ್ ಎಂಬ ವರ್ಜೀನಿಯಾದ ನಿಯಮವನ್ನೂ ಅವನು ಪಾಲಿಸಿದ್ದ. ಸೋತದ್ದು ಬೇರೆ ಕಡೆ. ಅವನು ತನಗೇ ಅಪಾಯವಾಗಬಲ್ಲನೆಂದು ನ್ಯಾಯಾಲಯ ಹೇಳಿ ಚಿಕಿತ್ಸೆಗೆ ಆದೇಶಿಸಿತ್ತು. ಆ ದಾಖಲೆ ಫೆಡರಲ್ ಕಂಪ್ಯೂಟರಿಗೆ ಹೋಗಿರಲಿಲ್ಲ. ಮರುವರ್ಷದ ಜನವರಿಯಲ್ಲಿ ಇದನ್ನು ಸರಿಪಡಿಸುವ ಕಾಯ್ದೆ ಬಂದದ್ದಕ್ಕೆ ಸಿಕ್ಕ ಪ್ರಚಾರ ಅತ್ಯಲ್ಪ.

ಇಂಥ ತಪ್ಪುಗಳು ಬಂದೂಕು ಪರ ಸಂಘಟನೆಗಳಿಗೆ ಒಳ್ಳೆಯ ಅಸ್ತ್ರವಾದವು. ವರದಿಗಾರ ಮ್ಯಾಗಜಿನ್ನನ್ನು ಕ್ಲಿಪ್ ಎಂದ, ಪಿಸ್ತೂಲನ್ನು ರಿವಾಲ್ವರ್ ಎಂದ ಎಂಬುದನ್ನೇ ಹಿಡಿದು ವಾದವನ್ನು ಪೂರ್ತಿ ತಳ್ಳಿಹಾಕುವುದು ರೂಢಿಯಾಯಿತು. ಕಾಯ್ದೆ ನಿಲ್ಲುವುದು ವ್ಯಾಖ್ಯೆಯ ಮೇಲಾದ್ದರಿಂದ ವಿವರ ಮುಖ್ಯವೇ ಹೌದು. ಆದರೆ ಅಂಕಿಅಂಶದ ಬಡತನಕ್ಕೆ ಅದೇ ಪಾಳಯವೂ ಹೊಣೆ. 1996ರ ಡಿಕಿ ತಿದ್ದುಪಡಿಯ ನಂತರ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಬಂದೂಕು ಸಂಶೋಧನೆಗೆ ಎರಡು ದಶಕ ಹಣವೇ ಸಿಗದಂತಾಯಿತು. ಸಾವಿನ ಲೆಕ್ಕ ಇಡುತ್ತಿದ್ದ ಸಂಸ್ಥೆಗೆ ಕಾರಣ ಹುಡುಕುವ ಅವಕಾಶ ತಪ್ಪಿತು. 2021ರ ಲೆಕ್ಕದಲ್ಲಿ ಗುಂಡಿಗೆ ಸತ್ತವರು 48,830. ಅದರಲ್ಲಿ 26,328 ಆತ್ಮಹತ್ಯೆ, 20,958 ಕೊಲೆ. ಆತ್ಮಹತ್ಯೆಯ ಪಾಲು ಅರ್ಧಕ್ಕಿಂತ ಹೆಚ್ಚೆಂಬುದು ಗುಂಡಿನ ದಾಳಿಯ ನಂತರದ ಚರ್ಚೆಗಳಲ್ಲಿ ಕೇಳಿಸುವುದೇ ಅಪರೂಪ.

ಚರ್ಚೆಯಿಂದ ಮರೆಯಾದ ಹ್ಯಾಂಡ್‌ಗನ್ ನ್ಯಾಯಾಲಯದಲ್ಲಿ ಮುನ್ನೆಲೆಗೆ ಬಂತು. 2008ರ ಹೆಲ್ಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಮೆರಿಕನ್ನರು ಆತ್ಮರಕ್ಷಣೆಗೆ ಹೆಚ್ಚಾಗಿ ಆರಿಸಿಕೊಳ್ಳುವುದು ಹ್ಯಾಂಡ್‌ಗನ್ನನ್ನೇ ಎಂಬ ಆಧಾರದ ಮೇಲೆ ವಾಷಿಂಗ್ಟನ್ನಿನ 1976ರ ನಿಷೇಧವನ್ನು ರದ್ದುಮಾಡಿತು. 2010ರಲ್ಲಿ ಶಿಕಾಗೊದ ನಿಷೇಧವೂ ಬಿತ್ತು. 2022ರ ಜೂನ್ 23ರ ಬ್ರೂಯೆನ್ ತೀರ್ಪು, ಬಚ್ಚಿಟ್ಟು ಒಯ್ಯುವವರು ವಿಶೇಷ ಕಾರಣ ತೋರಿಸಬೇಕೆಂಬ ಸಲಿವನ್ ಕಾಯ್ದೆಯ ಅಂಶವನ್ನು ಶತಮಾನಕ್ಕೂ ಹೆಚ್ಚು ಕಾಲದ ನಂತರ ತೆಗೆದುಹಾಕಿತು. ಎರಡೇ ದಿನಕ್ಕೆ, ಬಫಲೊ ಮತ್ತು ಯುವಾಲ್ಡಿಯ ರೈಫಲ್ ದಾಳಿಗಳ ಬೆನ್ನಿಗೆ, ಸಂಸತ್ತಿನ ಹೊಸ ಕಾಯ್ದೆಗೆ ಅಧ್ಯಕ್ಷ ಬೈಡನ್ ಸಹಿ ಹಾಕಿದರು. 21 ತುಂಬದ ಕೊಳ್ಳುಗರ ಹೆಚ್ಚುವರಿ ಪರಿಶೀಲನೆ ಅದರ ಮುಖ್ಯ ಅಂಶಗಳಲ್ಲೊಂದು. ಆ ವಯಸ್ಸಿನವರಿಗೆ ಪರವಾನಗಿ ಅಂಗಡಿಗಳು ಹ್ಯಾಂಡ್‌ಗನ್ ಮಾರುವುದು 1968ರಿಂದಲೇ ನಿಷಿದ್ಧವಾದ್ದರಿಂದ ಅದು ತಾಗುವುದು ಮುಖ್ಯವಾಗಿ ಉದ್ದ ಬಂದೂಕುಗಳಿಗೆ.

ಇತ್ತೀಚಿನ ಬೆಳವಣಿಗೆ ಹಳೆಯ ಎರಡೂ ಗೊಂದಲಗಳನ್ನು ನಿಜವಾಗಿಸುವಂಥದು. ಮೂರು ಆಯಾಮದ ಮುದ್ರಣದಿಂದ ಪ್ಲಾಸ್ಟಿಕ್ ಪಿಸ್ತೂಲು ತಯಾರಿಸುವ ನಕ್ಷೆ 2013ರ ಮೇ ತಿಂಗಳಲ್ಲಿ ಇಂಟರ್‌ನೆಟ್‌ಗೆ ಬಂತು. 1988ರ ಕಾಯ್ದೆಗೆ ಕಾಲು ಶತಮಾನದ ನಂತರ ಕೊನೆಗೂ ಕೆಲಸ ಸಿಕ್ಕಿತು. ಆ ಡಿಸೆಂಬರ್‌ನಲ್ಲೇ ಅದನ್ನು ನವೀಕರಿಸಿದರು. ಗ್ಲಾಕ್‌ನ ಸ್ಲೈಡಿನ ಹಿಂಭಾಗಕ್ಕೆ ಸಿಕ್ಕಿಸುವ, ನಾಣ್ಯದಷ್ಟು ಅಗಲದ ‘ಸ್ವಿಚ್’ ಎಂಬ ತುಣುಕು ಅರೆ ಸ್ವಯಂಚಾಲಿತ ಪಿಸ್ತೂಲನ್ನು ಪೂರ್ಣ ಸ್ವಯಂಚಾಲಿತವಾಗಿ ಮಾರ್ಪಡಿಸುತ್ತದೆ. ಫೆಡರಲ್ ಕಾನೂನಿನ ಕಣ್ಣಿನಲ್ಲಿ ಆ ತುಣುಕೇ ಒಂದು ಮಷೀನ್ ಗನ್. ಅದನ್ನು ಅಷ್ಟು ಸುಲಭವಾಗಿ ಜೋಡಿಸಲಾಗುವಂತೆ ಪಿಸ್ತೂಲು ರೂಪಿಸಿರುವುದೇ ತಪ್ಪೆಂದು ಶಿಕಾಗೊ ನಗರ 2024ರ ಮಾರ್ಚ್‌ನಲ್ಲಿ ಗ್ಲಾಕ್ ಕಂಪನಿಯ ಮೇಲೆ ದಾವೆ ಹೂಡಿತು.